ಮನೆಯಲ್ಲಿ ವಿಡಿಯೊ ನೋಡಲು ಇಂಟರ್‌ನೆಟ್ ವೇಗ ಎಷ್ಟಿರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಸಿನಿಮಾ ರಂಗೇರುವ ಹೊತ್ತಿಗೆ ಚಿತ್ರ ನಿಂತು, ಪರದೆಯ ನಡುವೆ ಚಕ್ರ ತಿರುಗತೊಡಗಿದರೆ ಬಹುತೇಕರಿಗೆ ಮೊದಲು ಹೊಳೆಯುವ ಪರಿಹಾರ ದೊಡ್ಡ ಪ್ಲಾನ್ ಹಾಕಿಸಿಕೊಳ್ಳುವುದು. ಹಲವು ಮನೆಗಳಲ್ಲಿ ಆ ಹಣ ದಂಡವಾಗುತ್ತದೆ. ಕಂಪನಿ ಮನೆಯ ಬಾಗಿಲಿಗೆ ತಂದುಕೊಡುವ ವೇಗ ಬೇರೆ, ಟಿವಿಯ ತನಕ ತಲುಪುವ ವೇಗ ಬೇರೆ. ವಿಡಿಯೊಗೆ ಲೆಕ್ಕಕ್ಕೆ ಬರುವುದು ಎರಡನೆಯದು, ಅದೂ ಏರಿಳಿತವಿಲ್ಲದೆ ಬರಬೇಕು. ಕೆಳಗಿನ ಉತ್ತರಗಳನ್ನು ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಸುತ್ತುಬಳಸದೆ ಹೇಳಿ, ಎಷ್ಟು ವೇಗವಿದ್ದರೆ ಸಾಕು?

ಒಂದು ಪರದೆಗೆ ಎಚ್‌ಡಿ ಗುಣಮಟ್ಟದಲ್ಲಿ 5 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ ವೇಗದ ಅಳತೆ), 4ಕೆ ಗುಣಮಟ್ಟದಲ್ಲಿ 15ರಿಂದ 20 ಎಂಬಿಪಿಎಸ್. ಈ ಅಂಕಿಗಳನ್ನು ವಿಡಿಯೊ ಸೇವೆಗಳೇ ಹೇಳುತ್ತವೆ. ನೆಟ್‌ಫ್ಲಿಕ್ಸ್ ಪ್ರಕಾರ 720ಪಿಗೆ (ಚಿತ್ರದ ಎತ್ತರ 720 ಪಿಕ್ಸೆಲ್, ಅಂದರೆ ಚುಕ್ಕೆ) 3, 1080ಪಿಗೆ 5, 4ಕೆಗೆ 15 ಎಂಬಿಪಿಎಸ್ ಇರಬೇಕು. ಯೂಟ್ಯೂಬ್ 720ಪಿಗೆ 2.5, 1080ಪಿಗೆ 5, 4ಕೆಗೆ 20 ಎನ್ನುತ್ತದೆ; 480ಪಿ ಸಾಕೆನ್ನುವವರಿಗೆ 1.1 ಎಂಬಿಪಿಎಸ್ ಇದ್ದರೂ ನಡೆಯುತ್ತದೆ.

ಇಡೀ ಮನೆಯ ಲೆಕ್ಕ ಹಾಕುವಾಗ ಎಷ್ಟು ಸಾಧನಗಳಿವೆ ಎಂದು ಎಣಿಸಬೇಡಿ. ಒಂದೇ ಹೊತ್ತಿಗೆ ಎಷ್ಟು ಪರದೆಗಳಲ್ಲಿ ವಿಡಿಯೊ ಓಡುತ್ತದೆ ಎಂದು ಎಣಿಸಿ. ರಾತ್ರಿ ಎಂಟೂವರೆಗೆ ಟಿವಿಯಲ್ಲಿ 4ಕೆ ಸಿನಿಮಾ ಓಡುತ್ತಿದೆ ಎನ್ನಿ, ಅದಕ್ಕೆ 20. ಎರಡು ಮೊಬೈಲ್‌ಗಳಲ್ಲಿ ಎಚ್‌ಡಿ ವಿಡಿಯೊ, ಅದಕ್ಕೆ 10. ಒಳಕೋಣೆಯಲ್ಲಿ ಒಬ್ಬರು ವಿಡಿಯೊ ಕರೆಯಲ್ಲಿದ್ದಾರೆ, ಅದಕ್ಕೆ 4. ಹಿನ್ನೆಲೆಯಲ್ಲಿ ನಡೆಯುವ ಅಪ್‌ಡೇಟ್, ಬ್ಯಾಕಪ್ ಮುಂತಾದವಕ್ಕೆ 10 ಎತ್ತಿಡಿ. ಒಟ್ಟು 44. ಅಂದರೆ 50 ಎಂಬಿಪಿಎಸ್ ಈ ಮನೆಯನ್ನು ತೂಗಿಸುತ್ತದೆ, 100 ಇದ್ದರೆ ನಿಶ್ಚಿಂತೆ. ಅದಕ್ಕಿಂತ ಮೇಲಿನದು ದೊಡ್ಡ ಕಡತಗಳನ್ನು ಇಳಿಸಿಕೊಳ್ಳುವವರಿಗೆ ಸಮಯ ಉಳಿಸುತ್ತದೆಯೇ ಹೊರತು ಸಿನಿಮಾದ ಚಿತ್ರವನ್ನು ಒಂದಿಷ್ಟೂ ಚೆಂದಗೊಳಿಸುವುದಿಲ್ಲ.

100 ಎಂಬಿಪಿಎಸ್ ಪ್ಲಾನ್ ಇದೆ. ಆದರೆ ಡೌನ್‌ಲೋಡ್ ಮಾಡುವಾಗ 12 ಎಂದಷ್ಟೇ ಕಾಣುತ್ತದೆ. ಮೋಸವೇ?

ಮೋಸವಲ್ಲ. ಇಂಟರ್‌ನೆಟ್ ವೇಗವನ್ನು ಮೆಗಾಬಿಟ್‌ಗಳಲ್ಲಿ ಹೇಳುತ್ತಾರೆ, ಕಡತದ ಗಾತ್ರವನ್ನು ಮೆಗಾಬೈಟ್‌ಗಳಲ್ಲಿ. 8 ಬಿಟ್ ಸೇರಿದರೆ 1 ಬೈಟ್. 100ನ್ನು 8ರಿಂದ ಭಾಗಿಸಿದರೆ 12.5 ಬರುತ್ತದೆ, ನಿಮಗೆ ಕಾಣುತ್ತಿರುವ 12 ಸರಿಯಾಗಿಯೇ ಇದೆ.

4ಕೆ ಚಿತ್ರದಲ್ಲಿ ಅಷ್ಟೊಂದು ಪಿಕ್ಸೆಲ್‌ಗಳಿದ್ದರೂ 15 ಎಂಬಿಪಿಎಸ್ ಹೇಗೆ ಸಾಕಾಗುತ್ತದೆ?

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಖುಷಿಯಾಗುತ್ತದೆ, ಏಕೆಂದರೆ ಇಡೀ ವ್ಯವಸ್ಥೆಯ ನಿಜವಾದ ಜಾಣತನ ಇರುವುದು ಇಲ್ಲಿಯೇ.

4ಕೆ ಚಿತ್ರದ ಅಗಲ 3840, ಎತ್ತರ 2160 ಪಿಕ್ಸೆಲ್. ಗುಣಿಸಿದರೆ 82,94,400. ಪ್ರತಿ ಪಿಕ್ಸೆಲ್‌ನ ಬಣ್ಣಕ್ಕೆ 24 ಬಿಟ್, ಸೆಕೆಂಡಿಗೆ 24 ಚಿತ್ರಗಳು ಎಂದು ಹಿಡಿದರೆ ಸೆಕೆಂಡಿಗೆ ಸುಮಾರು 4,800 ಮೆಗಾಬಿಟ್ ಆಗುತ್ತದೆ. ಅದನ್ನು ಹಾಗೆಯೇ ಕಳುಹಿಸಲು ಹೊರಟರೆ ಸಾಮಾನ್ಯ ಮನೆಯ ಸಂಪರ್ಕ ಸಾಲದು. ನಿಮ್ಮ ಮನೆಗೆ ಬರುವುದು 15 ಮೆಗಾಬಿಟ್, ಅಂದರೆ ಮೂಲದ ಮುನ್ನೂರರಲ್ಲಿ ಒಂದು ಪಾಲು. ಉಳಿದದ್ದನ್ನೆಲ್ಲ ಸಂಕೋಚನ ನುಂಗಿರುತ್ತದೆ.

ಇದನ್ನು ಮಾಡುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಒಂದು ಚಿತ್ರಕ್ಕೂ ಮರುಕ್ಷಣದ ಚಿತ್ರಕ್ಕೂ ನಡುವೆ ಬದಲಾಗುವುದು ಸ್ವಲ್ಪವೇ. ಆ ಬದಲಾವಣೆಯನ್ನಷ್ಟೇ ಕಳುಹಿಸಿ, ಉಳಿದದ್ದನ್ನು ಹಿಂದಿನ ಚಿತ್ರದಿಂದ ಎತ್ತಿಕೊಳ್ಳುವಂತೆ ಕೋಡೆಕ್ ಟಿವಿಗೆ ಹೇಳುತ್ತದೆ. ವಾರ್ತಾ ವಾಚಕರು ಕುರ್ಚಿಯಲ್ಲಿ ಕುಳಿತು ಮಾತನಾಡುವ ದೃಶ್ಯದಲ್ಲಿ ಅಲುಗುವುದು ಮುಖ ಮತ್ತು ಕೈ ಮಾತ್ರ. ಅಂಥ ದೃಶ್ಯ ಕಡಿಮೆ ಬಿಟ್‌ಗಳಲ್ಲಿ ಮುಗಿಯುತ್ತದೆ. ಜಡಿಮಳೆ, ಅಲೆಗಳ ನೊರೆ, ಗಾಳಿಗೆ ಅಲುಗುವ ಎಲೆಗಳು, ಕ್ರೀಡಾಂಗಣದ ಜನಸಾಗರ ಬಂದಾಗ ಪರದೆಯ ಪ್ರತಿಯೊಂದು ಮೂಲೆಯೂ ಬದಲಾಗುತ್ತದೆ. ಸಂಪರ್ಕ ದುರ್ಬಲವಾಗಿರುವ ಮನೆಗಳಲ್ಲಿ ಸರಿಯಾಗಿ ಇಂಥ ದೃಶ್ಯದಲ್ಲೇ ಚಿತ್ರ ಚೌಕ ಚೌಕವಾಗಿ ಒಡೆಯುವುದು ಇದೇ ಕಾರಣಕ್ಕೆ. ಮುಂದಿನ ಸಲ ಮಳೆಯ ದೃಶ್ಯ ಬಂದಾಗ ಗಮನಿಸಿ ನೋಡಿ.

ಕೋಡೆಕ್‌ಗಳೂ ಸುಧಾರಿಸುತ್ತ ಬಂದಿವೆ. 2003ರಲ್ಲಿ ಬಂದ ಎಚ್.264 ಇಂದಿಗೂ ಎಲ್ಲೆಡೆ ಓಡುತ್ತದೆ. 2013ರಲ್ಲಿ ಎಚ್‌ಇವಿಸಿ ಮತ್ತು ವಿಪಿ9 ಬಂದವು, 2018ರಲ್ಲಿ ಎವಿ1 ಬಂತು. ಅದೇ ಗುಣಮಟ್ಟವನ್ನು ಕಡಿಮೆ ಬಿಟ್‌ಗಳಲ್ಲಿ ಕೊಡುವುದು ಪ್ರತಿ ತಲೆಮಾರಿನ ಗುರಿ. ನಿಮ್ಮ ಟಿವಿ ಎವಿ1 ಬಿಡಿಸಬಲ್ಲದಾದರೆ, ಅದನ್ನು ಬಳಸುವ ಸೇವೆಗಳಲ್ಲಿ ಕಡಿಮೆ ವೇಗದಲ್ಲೂ ಒಳ್ಳೆಯ ಚಿತ್ರ ಸಿಗುತ್ತದೆ. ಹೊಸ ಟಿವಿ ಕೊಳ್ಳುವಾಗ ಇದನ್ನು ಕೇಳಿ ತಿಳಿದುಕೊಳ್ಳುವುದು ಲೇಸು.

ಬಫರಿಂಗ್ ಎಂದರೆ ನಿಜವಾಗಿ ಏನು ನಡೆಯುತ್ತಿರುತ್ತದೆ?

ವಿಡಿಯೊ ನಿಮ್ಮ ಮನೆಗೆ ಒಂದೇ ಧಾರೆಯಾಗಿ ಹರಿದು ಬರುವುದಿಲ್ಲ. ಸಾಮಾನ್ಯವಾಗಿ 2ರಿಂದ 10 ಸೆಕೆಂಡ್ ಉದ್ದದ ತುಂಡುಗಳಾಗಿ ಬರುತ್ತದೆ. ಪ್ರತಿ ತುಂಡಿಗೂ ಸರ್ವರ್‌ನಲ್ಲಿ ಹಲವು ಆವೃತ್ತಿಗಳಿರುತ್ತವೆ: 360ಪಿ, 480ಪಿ, 720ಪಿ, 1080ಪಿ, 4ಕೆ. ಹಿಂದಿನ ತುಂಡು ಎಷ್ಟು ಬೇಗ ಬಂತು ಎಂದು ಅಳೆದು, ಮುಂದಿನ ತುಂಡನ್ನು ಯಾವ ಆವೃತ್ತಿಯಲ್ಲಿ ತರಿಸಬೇಕೆಂದು ಪ್ಲೇಯರ್ ತಾನೇ ತೀರ್ಮಾನಿಸುತ್ತದೆ. ಮುಂಚಿತವಾಗಿ ಬಂದ ತುಂಡುಗಳನ್ನು ಕೂಡಿಡುವ ಕಣಜವೇ ಬಫರ್. ಕಣಜ ಬರಿದಾದಾಗ ಚಕ್ರ ತಿರುಗುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಕಂಪ್ಯೂಟರ್‌ನಲ್ಲಿ ಯೂಟ್ಯೂಬ್ ವಿಡಿಯೊ ಹಾಕಿ, ಚಿತ್ರದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಆರಿಸಿ. ಮೂಲೆಯಲ್ಲಿ ಸಣ್ಣ ಕಪ್ಪು ಪಟ್ಟಿ ತೆರೆದುಕೊಳ್ಳುತ್ತದೆ. ಅದರಲ್ಲಿ 'ನೆಟ್‌ವರ್ಕ್ ಆ್ಯಕ್ಟಿವಿಟಿ' ಎಂಬ ಗೆರೆ ಚಿಮ್ಮಿ ಏರುತ್ತದೆ, ಸೊನ್ನೆಗೆ ಇಳಿಯುತ್ತದೆ, ಕೆಲವು ಸೆಕೆಂಡ್ ಸುಮ್ಮನಿದ್ದು ಮತ್ತೆ ಚಿಮ್ಮುತ್ತದೆ. ಒಂದೊಂದು ಚಿಮ್ಮುವಿಕೆಯೂ ಬಂದಿಳಿದ ತುಂಡುಗಳ ಗುರುತು. ಅದರ ಕೆಳಗೆ 'ಬಫರ್ ಹೆಲ್ತ್' ಇರುತ್ತದೆ. ಮುಂದಿನ ಎಷ್ಟು ಸೆಕೆಂಡ್‌ಗಳ ವಿಡಿಯೊ ಈಗಾಗಲೇ ಕೈಸೇರಿದೆ ಎಂಬುದನ್ನು ಅದು ಹೇಳುತ್ತದೆ. ಆ ಅಂಕಿ ಹತ್ತಾರು ಸೆಕೆಂಡ್‌ಗಳಲ್ಲಿ ನಿಂತಿದ್ದರೆ ನಿಮ್ಮ ಸಂಪರ್ಕ ಗಟ್ಟಿಯಾಗಿದೆ. 5, 4, 3 ಎಂದು ಕರಗುತ್ತ ಹೋದರೆ ಚಿತ್ರ ನಿಲ್ಲುವ ಗಳಿಗೆಯನ್ನು ನೀವು ಮುಂಚಿತವಾಗಿಯೇ ಹೇಳಬಹುದು.

ಅದೇ ಪಟ್ಟಿಯಲ್ಲಿ ಬಿಟ್ಟುಹೋದ ಫ್ರೇಮ್‌ಗಳ ಎಣಿಕೆಯೂ ಇರುತ್ತದೆ. ಬಫರ್ ತುಂಬಿದ್ದೂ ಚಿತ್ರ ಕುಂಟುತ್ತಿದ್ದರೆ, ಈ ಎಣಿಕೆ ಏರುತ್ತಿದ್ದರೆ, ತಪ್ಪು ಇಂಟರ್‌ನೆಟ್‌ನದಲ್ಲ. ಆ ಕೋಡೆಕ್ ಬಿಡಿಸಲು ಕಂಪ್ಯೂಟರ್‌ಗೆ ಶಕ್ತಿ ಸಾಲುತ್ತಿಲ್ಲ ಎಂದರ್ಥ.

ಪ್ಲಾನ್‌ನಲ್ಲಿ 200 ಎಂಬಿಪಿಎಸ್ ಇದೆ. ಆದರೂ ಮಲಗುವ ಕೋಣೆಯ ಟಿವಿ ನಿಂತು ನಿಂತು ಓಡುತ್ತದೆ. ಏಕೆ?

ವೈಫೈ ಕಾರಣ ಎಂದು ಮೊದಲು ಅನುಮಾನಿಸಿ. ಅನುಮಾನ ಸಾಕಾಗದು, ಅಳೆದೇ ನೋಡಬೇಕು. ಅದಕ್ಕೊಂದು ಕ್ರಮವಿದೆ.

ಮೊದಲು ಲ್ಯಾಪ್‌ಟಾಪ್ ಒಂದನ್ನು ನೆಟ್‌ವರ್ಕ್ (ಈಥರ್‌ನೆಟ್) ಕೇಬಲ್ ಮೂಲಕ ನೇರವಾಗಿ ರೂಟರ್‌ಗೆ ಜೋಡಿಸಿ ವೇಗ ಅಳೆಯಿರಿ. ಇದು ಕಂಪನಿ ನಿಮಗೆ ತಲುಪಿಸುತ್ತಿರುವ ವೇಗ. ಆಮೇಲೆ ಕೇಬಲ್ ತೆಗೆದು, ರೂಟರ್‌ನಿಂದ ಎರಡು ಹೆಜ್ಜೆ ದೂರದಲ್ಲಿ ವೈಫೈ ಮೂಲಕ ಅಳೆಯಿರಿ. ಕೊನೆಗೆ ಟಿವಿ ಇರುವ ಜಾಗಕ್ಕೇ ಹೋಗಿ, ಬಾಗಿಲು ಎಂದಿನಂತೆ ಮುಚ್ಚಿಕೊಂಡು ಅಳೆಯಿರಿ. ಟಿವಿಯಲ್ಲೇ ಬ್ರೌಸರ್ ಅಥವಾ ಸ್ಪೀಡ್ ಟೆಸ್ಟ್ ಆ್ಯಪ್ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಟಿವಿಯೊಳಗಿನ ವೈಫೈ ಆಂಟೆನಾ ಲ್ಯಾಪ್‌ಟಾಪ್‌ನಷ್ಟು ಸಮರ್ಥವಾಗಿರಬೇಕೆಂದಿಲ್ಲ.

ಮೂರು ಅಂಕಿಗಳನ್ನು ಕಾಗದದ ಮೇಲೆ ಒಂದರ ಕೆಳಗೊಂದು ಬರೆದರೆ ರೋಗ ಎಲ್ಲಿದೆ ಎಂದು ತಾನಾಗಿ ಕಾಣುತ್ತದೆ. 190, 170, 9 ಎಂದು ಬಂದಿದೆ ಎನ್ನಿ. ಕಂಪನಿಯೂ ತನ್ನ ಕೆಲಸ ಮಾಡಿದೆ, ರೂಟರ್ ಕೂಡ. ನಡುವಿನ ಗೋಡೆಗಳು ಮತ್ತು ದೂರ ವೇಗವನ್ನು ತಿಂದಿವೆ. ಈ ಮನೆಯವರು 500 ಎಂಬಿಪಿಎಸ್ ಪ್ಲಾನ್ ಕೊಂಡರೂ ಆ ಕೋಣೆಯ 9 ಹಾಗೆಯೇ ಉಳಿಯುತ್ತದೆ. ಜನ ವರ್ಷಗಟ್ಟಲೆ ತಪ್ಪು ಜಾಗಕ್ಕೆ ಹಣ ಸುರಿಯುವುದನ್ನು ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಹತ್ತು ನಿಮಿಷದ ಈ ಪರೀಕ್ಷೆ ಅದನ್ನು ತಪ್ಪಿಸುತ್ತದೆ.

ಪರಿಹಾರವನ್ನು ಖರ್ಚಿಲ್ಲದ ಕಡೆಯಿಂದ ಆರಂಭಿಸಿ. ರೂಟರ್ ಟಿವಿಯ ಹಿಂದೆಯೋ ಕಬ್ಬಿಣದ ಬೀರುವಿನೊಳಗೋ ನೆಲದ ಮೂಲೆಯಲ್ಲೋ ಕುಳಿತಿದ್ದರೆ ಮನೆಯ ನಡುಭಾಗಕ್ಕೆ, ಎದೆಯೆತ್ತರಕ್ಕೆ ತಂದಿಡಿ. ಲೋಹ, ಕನ್ನಡಿ, ನೀರಿನ ತೊಟ್ಟಿ ಮತ್ತು ಕಾಂಕ್ರೀಟ್ ಗೋಡೆ ವೈಫೈಗೆ ದೊಡ್ಡ ಅಡ್ಡಿಗಳು. ಅದರಿಂದಲೂ ಆಗದಿದ್ದರೆ ಟಿವಿಯವರೆಗೆ ಕೇಬಲ್ ಎಳೆಯಿರಿ. ಕೇಬಲ್ ಸಾಧ್ಯವೇ ಇಲ್ಲದಿದ್ದಾಗ ಮೆಶ್ ವ್ಯವಸ್ಥೆಯ (ಮನೆಯ ಹಲವೆಡೆ ಇಟ್ಟ ಪೆಟ್ಟಿಗೆಗಳು ಒಂದೇ ವೈಫೈಯಾಗಿ ಕೆಲಸ ಮಾಡುವ ಏರ್ಪಾಡು) ಯೋಚನೆ ಮಾಡಿ. ಅಗ್ಗದ ರಿಪೀಟರ್‌ಗಳನ್ನು ನಾನು ಶಿಫಾರಸು ಮಾಡುವುದಿಲ್ಲ: ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಅದರಲ್ಲೇ ಮರುಪ್ರಸಾರ ಮಾಡುವುದರಿಂದ ಅವು ವೇಗವನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ.

ವೈಫೈ ಹೆಸರಿನ ಮುಂದೆ 2.4 ಮತ್ತು 5 ಎಂದು ಎರಡು ಕಾಣುತ್ತವೆ. ಯಾವುದಕ್ಕೆ ಟಿವಿ ಜೋಡಿಸಲಿ?

5 ಗಿಗಾಹರ್ಟ್ಸ್‌ನ ಸಂಕೇತ ಕೋಣೆಯಲ್ಲಿ ಚೆನ್ನಾಗಿ ಸಿಗುತ್ತಿದ್ದರೆ ಅದಕ್ಕೇ ಜೋಡಿಸಿ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಆದರೆ ಅಲ್ಲಿ ನೂಕುನುಗ್ಗಲು. ಒಂದರ ಮೇಲೊಂದು ಹಾಯದ ಚಾನೆಲ್‌ಗಳು ಅದರಲ್ಲಿರುವುದು ಮೂರೇ: 1, 6 ಮತ್ತು 11. ವಸತಿ ಸಮುಚ್ಚಯದಲ್ಲಿ ಅಕ್ಕಪಕ್ಕದ, ಮೇಲೆ ಕೆಳಗಿನ ಮನೆಗಳ ರೂಟರ್‌ಗಳೆಲ್ಲ ಆ ಮೂರರಲ್ಲೇ ಹಂಚಿಕೊಳ್ಳಬೇಕು. ಬ್ಲೂಟೂತ್ ಕೂಡ ಅಲ್ಲೇ. ಮೈಕ್ರೊವೇವ್ ಒಲೆ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್ ಆಸುಪಾಸಿನಲ್ಲಿ. ಊಟ ಬಿಸಿ ಮಾಡುವ ಹೊತ್ತಿಗೇ ಸರಿಯಾಗಿ ಚಿತ್ರ ನಿಲ್ಲುತ್ತಿದ್ದರೆ ಕಾರಣ ಅದೇ ಇರಬಹುದು. ಇನ್ನೂ ಒಂದು ಮಾತು: ಒಂದೇ ಆಂಟೆನಾ ಇರುವ ಹಳೆಯ ವೈಫೈ 4 ಸಾಧನ 20 ಮೆಗಾಹರ್ಟ್ಸ್ ಅಗಲದ ಚಾನೆಲ್‌ನಲ್ಲಿ 72 ಎಂಬಿಪಿಎಸ್ ಮೀರಿ ಸಂಪರ್ಕ ಸಾಧಿಸಲಾರದು, ಕೈಗೆ ಸಿಗುವುದು ಅದಕ್ಕಿಂತಲೂ ಕಡಿಮೆ. 4ಕೆಗೆ ಅದು ಸಾಕು, ನೆರೆಹೊರೆಯ ಗದ್ದಲ ಇಲ್ಲದಿದ್ದರೆ.

ರೂಟರ್ ಎರಡನ್ನೂ ಒಂದೇ ಹೆಸರಿನಲ್ಲಿ ತೋರಿಸುತ್ತಿದ್ದರೆ, ಸೆಟ್ಟಿಂಗ್‌ನಲ್ಲಿ ಬೇರೆ ಬೇರೆ ಹೆಸರು ಕೊಟ್ಟು ಟಿವಿಯನ್ನು ಬೇಕಾದದ್ದಕ್ಕೆ ಕಟ್ಟಿಹಾಕಬಹುದು.

ಟಿವಿಯ ಕೇಬಲ್ ಪೋರ್ಟ್ 100 ಎಂಬಿಪಿಎಸ್ ಮಾತ್ರವಂತೆ. ಹಾಗಿದ್ದರೆ ವೈಫೈಯೇ ಮೇಲಲ್ಲವೇ?

ಹೌದು, ಅನೇಕ ದುಬಾರಿ ಟಿವಿಗಳಲ್ಲೂ ಆ ಪೋರ್ಟ್ 100 ಎಂಬಿಪಿಎಸ್‌ಗೆ ಸೀಮಿತ. ಸ್ಪೀಡ್ ಟೆಸ್ಟ್‌ನಲ್ಲಿ ವೈಫೈ 250 ತೋರಿಸಿ ಕೇಬಲ್ 94 ತೋರಿಸಿದರೆ ಗಾಬರಿಯಾಗಬೇಡಿ. ವಿಡಿಯೊ ಸೇವೆಯ 4ಕೆಗೆ ಬೇಕಿರುವುದು 20, ಮತ್ತು ಕೇಬಲ್‌ನ 94 ದಿನವಿಡೀ 94 ಆಗಿಯೇ ಇರುತ್ತದೆ. ಸ್ಥಿರವಾದ 94ನ್ನೇ ನಾನು ಆರಿಸಿಕೊಳ್ಳುವುದು. ಮನೆಯಲ್ಲೇ ಸಂಗ್ರಹಿಸಿಟ್ಟ 4ಕೆ ಡಿಸ್ಕ್ ನಕಲುಗಳನ್ನು ನೆಟ್‌ವರ್ಕ್ ಮೂಲಕ ನೋಡುವವರಿಗೆ ಮಾತ್ರ ಇದು ತೊಡಕಾಗಬಹುದು. ಅಲ್ಟ್ರಾ ಎಚ್‌ಡಿ ಬ್ಲೂರೇ ಡಿಸ್ಕ್‌ನ ವೇಗ 100 ಎಂಬಿಪಿಎಸ್ ಮೀರಿಯೂ ಹೋಗಬಲ್ಲದು.

ಸ್ಪೀಡ್ ಟೆಸ್ಟ್ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬಹುದು?

ಅದು ಒಂದು ಗಳಿಗೆಯ ಚಿತ್ರ. ಸಾಮಾನ್ಯ ಸ್ಪೀಡ್ ಟೆಸ್ಟ್ ನಿಮಗೆ ಹತ್ತಿರದ ಸರ್ವರ್ ಹುಡುಕಿ, ಏಕಕಾಲಕ್ಕೆ ಹಲವು ಸಂಪರ್ಕಗಳನ್ನು ತೆರೆದು, ಹಾದಿಯಲ್ಲಿ ಎಷ್ಟು ಹಿಡಿಯುತ್ತದೆಯೋ ಅಷ್ಟನ್ನೂ ತುಂಬಿಸುತ್ತದೆ. ವಿಡಿಯೊ ಬರುವುದು ಬೇರೊಂದು ಸರ್ವರ್‌ನಿಂದ, ಬೇರೊಂದು ದಾರಿಯಲ್ಲಿ. ಆದ್ದರಿಂದ ಟೆಸ್ಟ್‌ನಲ್ಲಿ 100 ಕಂಡು ವಿಡಿಯೊ ಮಾತ್ರ ತೆವಳುವುದು ಅಸಾಧ್ಯವೇನಲ್ಲ.

ನೆಟ್‌ಫ್ಲಿಕ್ಸ್ 2016ರಲ್ಲಿ ಆರಂಭಿಸಿದ ಫಾಸ್ಟ್ ಡಾಟ್ ಕಾಮ್ ತನ್ನದೇ ವಿಡಿಯೊ ಸರ್ವರ್‌ಗಳಿಂದ ವೇಗ ಅಳೆಯುತ್ತದೆ. ಅದರಲ್ಲೂ ಸಾಮಾನ್ಯ ಸ್ಪೀಡ್ ಟೆಸ್ಟ್‌ನಲ್ಲೂ ಅಳೆದು ಹೋಲಿಸಿ. ಎರಡರ ನಡುವೆ ಅಜಗಜಾಂತರವಿದ್ದರೆ ನಿಮ್ಮ ಕಂಪನಿಗೂ ವಿಡಿಯೊ ಸರ್ವರ್‌ಗೂ ನಡುವಿನ ದಾರಿಯಲ್ಲಿ ತೊಂದರೆಯಿದೆ. ದೊಡ್ಡ ವಿಡಿಯೊ ಸೇವೆಗಳು ಈ ದಾರಿಯನ್ನೇ ಮೊಟಕುಗೊಳಿಸಲು ತಮ್ಮ ಸರ್ವರ್‌ಗಳನ್ನು ಇಂಟರ್‌ನೆಟ್ ಕಂಪನಿಗಳ ಕಟ್ಟಡದೊಳಗೇ ಇರಿಸುತ್ತವೆ. ನೆಟ್‌ಫ್ಲಿಕ್ಸ್‌ನ ಈ ವ್ಯವಸ್ಥೆಯ ಹೆಸರು ಓಪನ್ ಕನೆಕ್ಟ್. ಜನ ಹೆಚ್ಚಾಗಿ ನೋಡುವ ಸಿನಿಮಾಗಳು ಜನದಟ್ಟಣೆ ಇಲ್ಲದ ಹೊತ್ತಿನಲ್ಲೇ ಆ ಸರ್ವರ್ ಪೆಟ್ಟಿಗೆಗಳಿಗೆ ಬಂದು ಕುಳಿತಿರುತ್ತವೆ.

ಬೆಳಗಿನ ಜಾವ ಅಳೆದ ಅಂಕಿಯಿಂದ ಏನೂ ಪ್ರಯೋಜನವಿಲ್ಲ. ನೀವು ವಿಡಿಯೊ ನೋಡುವ ಹೊತ್ತಿನಲ್ಲೇ ಅಳೆಯಿರಿ.

ಹಗಲೆಲ್ಲ ಚೆನ್ನಾಗಿದ್ದು ರಾತ್ರಿ ಮಾತ್ರ ನಿಧಾನವಾಗುವುದೇಕೆ?

ರಾತ್ರಿ ಎಲ್ಲರೂ ನೋಡುತ್ತಾರೆ, ಮತ್ತು ಸಂಪರ್ಕವನ್ನು ಎಲ್ಲರೂ ಹಂಚಿಕೊಂಡಿರುತ್ತಾರೆ. ವ್ಯಾಪಕವಾಗಿ ಬಳಕೆಯಲ್ಲಿರುವ ಜಿಪಾನ್ ಫೈಬರ್ ವ್ಯವಸ್ಥೆಯಲ್ಲಿ ಒಂದು ಎಳೆಯ ಸುಮಾರು 2.5 ಗಿಗಾಬಿಟ್ ಡೌನ್‌ಲೋಡ್ ಸಾಮರ್ಥ್ಯವನ್ನು 32 ಅಥವಾ 64 ಮನೆಗಳಿಗೆ ಕವಲೊಡೆಸಿರುತ್ತಾರೆ. 64 ಮನೆಗಳೂ ಒಟ್ಟಿಗೆ ಪೂರ್ತಿ ಎಳೆದರೆ ಒಬ್ಬೊಬ್ಬರ ಪಾಲಿಗೆ ಬರುವುದು ಸುಮಾರು 39 ಎಂಬಿಪಿಎಸ್. ಎಲ್ಲರೂ ಒಂದೇ ಕ್ಷಣದಲ್ಲಿ ಪೂರ್ತಿ ಎಳೆಯುವುದಿಲ್ಲ ಎಂಬ ಲೆಕ್ಕದ ಮೇಲೆ ಪ್ಲಾನ್‌ಗಳು ನಿಂತಿವೆ, ಮತ್ತು ಆ ಲೆಕ್ಕ ಬಹುಮಟ್ಟಿಗೆ ಸರಿಯೇ. ತೊಂದರೆ ಬರುವುದು ಅದಕ್ಕೂ ಮೇಲಿನ ಹಂತದಲ್ಲಿ, ಬಡಾವಣೆಯಿಂದ ಮುಂದಕ್ಕೆ ಹೋಗುವ ಮುಖ್ಯ ಸಂಪರ್ಕವನ್ನು ಕಂಪನಿ ಬೆಳೆಸದೆ ಬಿಟ್ಟಾಗ.

ದಟ್ಟಣೆ ಯಾವ ಮಟ್ಟಕ್ಕೆ ಹೋಗಬಹುದೆಂಬುದಕ್ಕೆ 2020ರ ಮಾರ್ಚ್ ನೆನಪಿಸಿಕೊಳ್ಳಿ. ಲಾಕ್‌ಡೌನ್‌ನಲ್ಲಿ ಎಲ್ಲರೂ ಮನೆಯಲ್ಲೇ ಉಳಿದಾಗ, ಯುರೋಪಿಯನ್ ಕಮಿಷನ್‌ನ ಕೋರಿಕೆಯ ಮೇರೆಗೆ ನೆಟ್‌ಫ್ಲಿಕ್ಸ್ ಯುರೋಪಿನಲ್ಲಿ ತನ್ನ ದಟ್ಟಣೆಯನ್ನು ಸುಮಾರು ಶೇ 25ರಷ್ಟು ತಗ್ಗಿಸಲು ವಿಡಿಯೊ ಬಿಟ್‌ರೇಟ್ (ಸೆಕೆಂಡಿಗೆ ಕಳುಹಿಸುವ ಬಿಟ್‌ಗಳ ಪ್ರಮಾಣ) ಇಳಿಸಿತು. ಯೂಟ್ಯೂಬ್ ಕೂಡ ತಾನಾಗಿ ಆರಂಭವಾಗುವ ಗುಣಮಟ್ಟವನ್ನು ಇಳಿಸಿತು.

ಕೇಬಲ್ ಜೋಡಿಸಿ ಅಳೆದಾಗಲೂ ಪ್ರತಿ ರಾತ್ರಿ ವೇಗ ಕುಸಿಯುತ್ತಿದ್ದರೆ ನಿಮ್ಮ ಕಡೆಯಿಂದ ಸರಿಪಡಿಸುವಂಥದ್ದು ಏನೂ ಉಳಿದಿಲ್ಲ. ಕಂಪನಿಗೆ ದೂರು ಕೊಡಿ.

ಸಿನಿಮಾ ಸರಾಗವಾಗಿ ಓಡುತ್ತದೆ, ನೇರಪ್ರಸಾರದ ಪಂದ್ಯ ಮಾತ್ರ ಸಿಕ್ಕಿಕೊಳ್ಳುತ್ತದೆ. ಯಾಕೆ ಹೀಗೆ?

ಸಿನಿಮಾ ಪೂರ್ತಿ ಸರ್ವರ್‌ನಲ್ಲಿದೆ, ಹಾಗಾಗಿ ಪ್ಲೇಯರ್ ಬಹಳ ಮುಂದಿನವರೆಗೆ ತರಿಸಿ ಇಟ್ಟುಕೊಳ್ಳಬಹುದು. ಪಂದ್ಯದಲ್ಲಿ ಮುಂದಿನ ಚೆಂಡನ್ನು ಇನ್ನೂ ಯಾರೂ ಎಸೆದಿಲ್ಲ. ಕೂಡಿಡಲು ಏನೂ ಇಲ್ಲ. ಬಫರ್ ಕೆಲವೇ ತುಂಡುಗಳಷ್ಟು, ಸಣ್ಣ ಅಡಚಣೆಯೂ ನೇರವಾಗಿ ಪರದೆಗೆ ತಟ್ಟುತ್ತದೆ. ಸಾಲದ್ದಕ್ಕೆ ಕ್ರೀಡೆಯನ್ನು ಸೆಕೆಂಡಿಗೆ 50 ಅಥವಾ 60 ಚಿತ್ರಗಳಲ್ಲಿ ಕಳುಹಿಸುವುದು ರೂಢಿ, ಮತ್ತು ಸಂಕೋಚನಕ್ಕೆ ಸಿಗುವ ಸಮಯವೂ ಕಡಿಮೆ. ಆದ್ದರಿಂದ ನೇರಪ್ರಸಾರಕ್ಕೆ ಸೇವೆ ಹೇಳುವ ವೇಗದ ಎರಡರಷ್ಟು ಕೈಯಲ್ಲಿರಲಿ ಎನ್ನುತ್ತೇನೆ.

ಪಕ್ಕದ ಮನೆಯವರ ಹರ್ಷೋದ್ಗಾರ ಮೊದಲು ಕೇಳಿಸಿ ಆಮೇಲೆ ನಿಮ್ಮ ಪರದೆಯಲ್ಲಿ ಗೋಲು ಬೀಳುವುದಕ್ಕೂ ಇದೇ ಮೂಲ. ಪ್ಲೇಯರ್ ಕೆಲವು ತುಂಡುಗಳಷ್ಟು ಹಿಂದೆಯೇ ಓಡುತ್ತದೆ. ವಿಳಂಬ ಅರ್ಧ ನಿಮಿಷದವರೆಗೂ ಇರಬಹುದು. ಪ್ಲಾನ್‌ನ ವೇಗ ಹೆಚ್ಚಿಸಿದರೆ ಈ ವಿಳಂಬ ಕಡಿಮೆಯಾಗುವುದಿಲ್ಲ.

ಯಾರಾದರೂ ಫೋಟೊ ಬ್ಯಾಕಪ್ ಆರಂಭಿಸಿದ ಕೂಡಲೇ ಎಲ್ಲರ ವಿಡಿಯೊ ಕೆಡುತ್ತದೆ. ಅಪ್‌ಲೋಡ್‌ಗೂ ನೋಡುವುದಕ್ಕೂ ಏನು ಸಂಬಂಧ?

ಬಹಳ ಸಂಬಂಧವಿದೆ, ಮತ್ತು ಇದನ್ನು ತಿಳಿದವರು ಕಡಿಮೆ. ನೀವು ನೋಡುವ ಪ್ರತಿ ತುಂಡಿಗೂ ನಿಮ್ಮ ಕಡೆಯಿಂದ ಕೋರಿಕೆ ಹೋಗಬೇಕು, ಬಂದದ್ದಕ್ಕೆ ಸ್ವೀಕೃತಿ ಹೋಗಬೇಕು. ಅವೆಲ್ಲ ಅಪ್‌ಲೋಡ್ ದಾರಿಯಲ್ಲಿ ಹೋಗುತ್ತವೆ. ಡೌನ್‌ಲೋಡ್ 100, ಅಪ್‌ಲೋಡ್ 5 ಎಂಬಂಥ ಪ್ಲಾನ್‌ಗಳಲ್ಲಿ ಆ ದಾರಿ ಕಿರಿದು. ಬ್ಯಾಕಪ್ ಅದನ್ನು ತುಂಬಿದಾಗ ರೂಟರ್ ಅಥವಾ ಮೋಡೆಮ್ ಉಳಿದವನ್ನು ಉದ್ದನೆಯ ಸರತಿಯಲ್ಲಿ ನಿಲ್ಲಿಸುತ್ತದೆ. ಕೆಲವೇ ಮಿಲಿಸೆಕೆಂಡ್‌ಗಳಲ್ಲಿ ಹೋಗಬೇಕಾದ ಕೋರಿಕೆ ಒಂದೆರಡು ಸೆಕೆಂಡ್ ಕಾಯುತ್ತದೆ. ಇದಕ್ಕೆ ಬಫರ್‌ಬ್ಲೋಟ್ ಎಂಬ ಹೆಸರಿದೆ.

ಮದ್ದು ರೂಟರ್‌ನಲ್ಲೇ ಇರಬಹುದು. ಸೆಟ್ಟಿಂಗ್‌ಗಳಲ್ಲಿ 'ಎಸ್‌ಕ್ಯೂಎಂ' ಅಥವಾ 'ಕ್ಯೂಒಎಸ್' ಎಂಬುದನ್ನು ಹುಡುಕಿ, ಅಪ್‌ಲೋಡ್ ಮಿತಿಯನ್ನು ಅಳೆದ ವೇಗದ ಶೇ 90ರ ಆಸುಪಾಸಿಗೆ ಇರಿಸಿ. ಸರತಿಯನ್ನು ಜಾಣ್ಮೆಯಿಂದ ನಿಭಾಯಿಸುವ ಎಫ್‌ಕ್ಯೂ-ಕೋಡೆಲ್, ಕೇಕ್ ಎಂಬ ವಿಧಾನಗಳಿರುವ ರೂಟರ್ ಸಿಕ್ಕರೆ ಅದೃಷ್ಟ. ಅದಾವುದೂ ಇಲ್ಲದಿದ್ದರೆ ಬ್ಯಾಕಪ್‌ನ ಸಮಯವನ್ನು ನಡುರಾತ್ರಿಗೆ ದೂಡಿ. ವಿಡಿಯೊ ಕರೆ ಮಾಡುವವರಿಗೂ ಅಪ್‌ಲೋಡ್ ಮುಖ್ಯ; ಸ್ಪಷ್ಟವಾದ ಕರೆಗೆ 4 ಎಂಬಿಪಿಎಸ್ ಅಪ್‌ಲೋಡ್ ಎತ್ತಿಡಿ.

ಒಂದು ಗಂಟೆ ವಿಡಿಯೊ ನೋಡಿದರೆ ಎಷ್ಟು ಡೇಟಾ ಖರ್ಚಾಗುತ್ತದೆ?

ಎಂಬಿಪಿಎಸ್ ಅಂಕಿಯನ್ನು 0.45ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಜಿಬಿ ಎಂದು ಸಿಗುತ್ತದೆ. 5 ಎಂಬಿಪಿಎಸ್ ವಿಡಿಯೊಗೆ 2.25 ಜಿಬಿ, 15ಕ್ಕೆ 6.75 ಜಿಬಿ. ನೆಟ್‌ಫ್ಲಿಕ್ಸ್ ತಾನೇ ಹೇಳುವ ಲೆಕ್ಕವೂ ಇದಕ್ಕೆ ಹತ್ತಿರವಿದೆ: ಎಚ್‌ಡಿಗೆ ಗಂಟೆಗೆ 3 ಜಿಬಿವರೆಗೆ, 4ಕೆಗೆ 7 ಜಿಬಿವರೆಗೆ. ತಿಂಗಳ ಮಿತಿಯಿರುವ ಪ್ಲಾನ್‌ನವರು ವೇಗಕ್ಕಿಂತ ಮೊದಲು ಈ ಲೆಕ್ಕ ಹಾಕಬೇಕು. ದಿನಕ್ಕೆ ಮೂರು ಗಂಟೆಯಂತೆ 4ಕೆ ನೋಡಿದರೆ ತಿಂಗಳಿಗೆ 600 ಜಿಬಿ ದಾಟುತ್ತದೆ. ಮಿತಿ ಮುಗಿದ ಮೇಲೆ ಕಂಪನಿ ವೇಗ ಇಳಿಸುವ ಪ್ಲಾನ್ ನಿಮ್ಮದಾಗಿದ್ದರೆ, ತಿಂಗಳ ಕೊನೆಯಲ್ಲಿ ಮಾತ್ರ ಕಾಣಿಸಿಕೊಳ್ಳುವ ತೊಂದರೆಗೆ ಇದೇ ಕಾರಣ.

ವೇಗ ಬೇಕಾದಷ್ಟಿದೆ, ಆದರೂ 4ಕೆ ಬರುತ್ತಿಲ್ಲ.

ಇಂಟರ್‌ನೆಟ್ ಬಿಟ್ಟು ಬೇರೆ ಕಡೆ ಹುಡುಕಿ. ವಿಡಿಯೊ ಸೇವೆಯಲ್ಲಿ ನೀವು ಪಡೆದಿರುವ ಚಂದಾ 4ಕೆ ಒಳಗೊಂಡಿದೆಯೇ? ಆ ಸಿನಿಮಾ 4ಕೆಯಲ್ಲಿ ಲಭ್ಯವಿದೆಯೇ? ಆ್ಯಪ್‌ನಲ್ಲಿ ಡೇಟಾ ಉಳಿಸುವ ಸೆಟ್ಟಿಂಗ್ ಚಾಲೂ ಆಗಿದೆಯೇ? ಪ್ರತ್ಯೇಕ ಸ್ಟ್ರೀಮಿಂಗ್ ಸಾಧನ ಬಳಸುತ್ತಿದ್ದರೆ ಅದು ಚುಚ್ಚಿರುವ ಎಚ್‌ಡಿಎಂಐ ಪೋರ್ಟ್ ಎಚ್‌ಡಿಸಿಪಿ 2.2 (ನಕಲು ತಡೆಯುವ ರಕ್ಷಣೆ) ಒಪ್ಪಬೇಕು, ಕೆಲವು ಟಿವಿಗಳಲ್ಲಿ ಎಲ್ಲ ಪೋರ್ಟ್‌ಗಳೂ ಒಪ್ಪುವುದಿಲ್ಲ, ಪೋರ್ಟ್ ಬದಲಿಸಿದರೆ ಸರಿಹೋಗಬಹುದು. ಆಂಡ್ರಾಯ್ಡ್ ಸಾಧನಗಳಲ್ಲಿ ವೈಡ್‌ವೈನ್ ಎಲ್1 ಎಂಬ ನಕಲು ತಡೆ ಪ್ರಮಾಣೀಕರಣ ಇಲ್ಲದಿದ್ದರೆ ಹಲವು ಸೇವೆಗಳು ಎಚ್‌ಡಿಯನ್ನೇ ಕೊಡುವುದಿಲ್ಲ. ಕಂಪ್ಯೂಟರ್‌ನಲ್ಲಿ ಬ್ರೌಸರ್ ಯಾವುದು ಎಂಬುದರ ಮೇಲೂ ಗುಣಮಟ್ಟದ ಮಿತಿ ಬದಲಾಗುತ್ತದೆ.

ಉಪಗ್ರಹ ಇಂಟರ್‌ನೆಟ್‌ನಲ್ಲಿ ವಿಡಿಯೊ ನೋಡಬಹುದೇ?

ನೋಡಬಹುದು. ಭೂಸ್ಥಿರ ಉಪಗ್ರಹ ಇರುವುದು 35,786 ಕಿಲೋಮೀಟರ್ ಎತ್ತರದಲ್ಲಿ. ಸಂಕೇತ ಬೆಳಕಿನ ವೇಗದಲ್ಲಿ ಹೋದರೂ ಕೋರಿಕೆ ಮೇಲೆ ಹೋಗಿ ಕೆಳಗಿಳಿದು, ಉತ್ತರ ಅದೇ ದಾರಿಯಲ್ಲಿ ಮರಳಲು ಅರ್ಧ ಸೆಕೆಂಡಿನ ಹತ್ತಿರ ಬೇಕು. ಸಿನಿಮಾಗೆ ಅದರಿಂದ ತೊಂದರೆಯಿಲ್ಲ, ಆರಂಭವಾಗಲು ತುಸು ತಡ ಅಷ್ಟೇ. ಮಾತುಕತೆಗೆ ಮಾತ್ರ ಆ ವಿಳಂಬ ಕಾಟ ಕೊಡುತ್ತದೆ. ಕೆಲವು ನೂರು ಕಿಲೋಮೀಟರ್ ಎತ್ತರದಲ್ಲಷ್ಟೇ ಸುತ್ತುವ ಸ್ಟಾರ್‌ಲಿಂಕ್‌ನಂಥ ಉಪಗ್ರಹಗಳಲ್ಲಿ ಈ ತೊಡಕು ಬಹುಮಟ್ಟಿಗೆ ಇಲ್ಲ.

ಮೊಬೈಲ್ ಹಾಟ್‌ಸ್ಪಾಟ್‌ನಿಂದ ಟಿವಿ ನಡೆಸಬಹುದೇ?

4ಜಿ ಸಂಕೇತ ಚೆನ್ನಾಗಿರುವ ಕಡೆ ಎಚ್‌ಡಿಗೆ ಸಾಕು, 5ಜಿ ಇದ್ದರೆ 4ಕೆಗೂ ಸಾಕು. ಆದರೆ ಟವರ್‌ನ ಸಾಮರ್ಥ್ಯವನ್ನು ಅಕ್ಕಪಕ್ಕದವರೆಲ್ಲ ಹಂಚಿಕೊಳ್ಳುವುದರಿಂದ ಏರಿಳಿತ ಹೆಚ್ಚು. ಮೊಬೈಲನ್ನು ಕಿಟಕಿಯ ಬಳಿ ಇಡಿ, ಚಾರ್ಜರ್‌ಗೆ ಹಾಕಿಡಿ, ಟಿವಿಯಲ್ಲಿ ಗುಣಮಟ್ಟವನ್ನು 720ಪಿಗೆ ನಿಲ್ಲಿಸಿ.

ವಿಪಿಎನ್ ಹಾಕಿದರೆ ವೇಗ ಕಡಿಮೆಯಾಗುತ್ತದೆಯೇ?

ಸಾಮಾನ್ಯವಾಗಿ ಹೌದು. ವಿಪಿಎನ್ ನಿಮ್ಮ ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಹಾಯಿಸುವುದರಿಂದ ದಾರಿ ಬಳಸಾಗುತ್ತದೆ, ಹತ್ತಿರದ ವಿಡಿಯೊ ಸರ್ವರ್‌ನ ಲಾಭವೂ ತಪ್ಪುತ್ತದೆ.

ನಮ್ಮಲ್ಲಿ ಸಿಗುವುದೇ 2–3 ಎಂಬಿಪಿಎಸ್. ನಮಗೆ ಏನೂ ದಾರಿಯಿಲ್ಲವೇ?

ಖಂಡಿತ ಇದೆ. ದೊಡ್ಡ ಪ್ಲಾನ್‌ಗಳ ಜಾಹೀರಾತು ನೋಡಿ ಇಂಥ ಸಂಪರ್ಕ ಕೆಲಸಕ್ಕೆ ಬಾರದ್ದೆಂದು ಕೈಚೆಲ್ಲಬೇಡಿ.

ಮೊದಲು, ಗುಣಮಟ್ಟವನ್ನು 'ಆಟೊ'ದಲ್ಲಿ ಬಿಡದೆ 480ಪಿಗೆ ನಿಗದಿ ಮಾಡಿ. ಆಟೊದಲ್ಲಿ ಪ್ಲೇಯರ್ ಪದೇ ಪದೇ ಮೇಲಿನ ಹಂತಕ್ಕೆ ಹತ್ತಲು ನೋಡಿ, ಸಾಲದೆ ಜಾರುತ್ತಿರುತ್ತದೆ. ಮೊಬೈಲ್‌ನ ಸಣ್ಣ ಪರದೆಯಲ್ಲಿ 480ಪಿ ಕೂಡ ನೋಡುವಂತಿರುತ್ತದೆ. ಎರಡನೆಯದಾಗಿ, ಡೌನ್‌ಲೋಡ್ ಸೌಲಭ್ಯ ಬಳಸಿ. ಬಹುತೇಕ ಸೇವೆಗಳ ಮೊಬೈಲ್ ಆ್ಯಪ್‌ಗಳಲ್ಲಿ ಅದಿದೆ. 2 ಎಂಬಿಪಿಎಸ್ ಸಂಪರ್ಕ ಎಂಟು ಗಂಟೆಯಲ್ಲಿ ಸುಮಾರು 7 ಜಿಬಿ ಇಳಿಸಬಲ್ಲದು; ಮಲಗುವಾಗ ಹಚ್ಚಿಟ್ಟರೆ ಬೆಳಿಗ್ಗೆಗೆ ಒಂದು ಎಚ್‌ಡಿ ಸಿನಿಮಾವಾದರೂ ಕೈಯಲ್ಲಿರುತ್ತದೆ, ಮತ್ತು ಅದು ಒಮ್ಮೆಯೂ ನಿಲ್ಲದೆ ಓಡುತ್ತದೆ. ಮೂರನೆಯದಾಗಿ, ನೀವು ನೋಡುವ ಹೊತ್ತಿನಲ್ಲಿ ಉಳಿದ ಫೋನ್‌ಗಳ ಆ್ಯಪ್ ಅಪ್‌ಡೇಟ್ ನಿಲ್ಲಿಸಿ. 3 ಎಂಬಿಪಿಎಸ್‌ನಲ್ಲಿ ಒಂದು ಅಪ್‌ಡೇಟ್ ಪೂರ್ತಿ ಸಂಪರ್ಕವನ್ನೇ ನುಂಗಿಬಿಡುತ್ತದೆ.

ಟೆಲಿಫೋನ್ ತಂತಿಯ ಡಿಎಸ್‌ಎಲ್ ಸಂಪರ್ಕವಾಗಿದ್ದರೆ ಮನೆಯೊಳಗಿನ ಹಳೆಯ ತಂತಿ, ತುಕ್ಕುಹಿಡಿದ ಜೋಡಣೆಗಳನ್ನು ಪರೀಕ್ಷಿಸಲು ಹೇಳಿ. ವಿನಿಮಯ ಕೇಂದ್ರದಿಂದ ದೂರ ಹೋದಂತೆಲ್ಲ ಡಿಎಸ್‌ಎಲ್ ವೇಗ ಕುಗ್ಗುತ್ತದೆ, ಅದನ್ನು ಬದಲಿಸಲಾಗದು. ಮನೆಯೊಳಗೆ ಸೋರುವ ವೇಗವನ್ನು ಮಾತ್ರ ಉಳಿಸಿಕೊಳ್ಳಬಹುದು.

ದೂರು ಕೊಡುವಾಗ ಏನು ಹೇಳಬೇಕು? 'ನೆಟ್ ನಿಧಾನ' ಎಂದರೆ ರೂಟರ್ ಆಫ್ ಮಾಡಿ ಆನ್ ಮಾಡಿ ಎನ್ನುತ್ತಾರೆ.

ಅಂಕಿಗಳನ್ನು ಮುಂದಿಡಿ. ಕೇಬಲ್ ಜೋಡಿಸಿ, ಉಳಿದ ಸಾಧನಗಳನ್ನು ಬಿಡಿಸಿ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಳೆದು, ಕೆಲವು ದಿನಗಳ ಅಂಕಿಗಳನ್ನು ದಿನಾಂಕ ಮತ್ತು ಗಂಟೆಯೊಂದಿಗೆ ಬರೆದಿಟ್ಟುಕೊಳ್ಳಿ. ಡೌನ್‌ಲೋಡ್, ಅಪ್‌ಲೋಡ್, ವಿಳಂಬ ಮೂರೂ ಇರಲಿ. ಪರದೆಯ ಚಿತ್ರಗಳನ್ನು ಉಳಿಸಿ. ಕೇಬಲ್‌ನಲ್ಲಿ ಅಳೆದದ್ದೆಂದು ಮೊದಲ ವಾಕ್ಯದಲ್ಲೇ ಹೇಳಿ; ಆಗ 'ನಿಮ್ಮ ವೈಫೈ ದೋಷ' ಎಂಬ ಉತ್ತರಕ್ಕೆ ಎಡೆಯಿರುವುದಿಲ್ಲ. ಮಾತಿನಲ್ಲಿ ಹೇಳಿದ್ದನ್ನು ಬರಹದಲ್ಲೂ ಕಳುಹಿಸಿ, ದೂರಿನ ಸಂಖ್ಯೆ ಪಡೆಯಿರಿ.

ಹಾಗಾದರೆ ದೊಡ್ಡ ಪ್ಲಾನ್‌ಗೆ ಹೋಗಬೇಕಾದ್ದು ಯಾವಾಗ?

ನೀವು ಸಾಮಾನ್ಯವಾಗಿ ವಿಡಿಯೊ ನೋಡುವ ಹೊತ್ತಿನಲ್ಲಿ ಕೇಬಲ್ ಮೂಲಕ ಅಳೆದಾಗ ಪ್ಲಾನ್‌ನ ವೇಗ ಪೂರ್ತಿ ಸಿಗುತ್ತಿದ್ದು, ಟಿವಿಯ ಜಾಗದಲ್ಲೂ ಹೆಚ್ಚುಕಡಿಮೆ ಅಷ್ಟೇ ತಲುಪುತ್ತಿದ್ದು, ಮನೆಯ ಪರದೆಗಳ ಒಟ್ಟು ಲೆಕ್ಕ ಅದನ್ನು ಮೀರಿದಾಗ. ಆ ಮೂರೂ ಸೇರಿದರೆ ಹಿಂಜರಿಯದೆ ಒಂದು ಹಂತ ಮೇಲೇರಿ. ಅಪ್‌ಲೋಡ್ ವೇಗ ಹೆಚ್ಚಿರುವ ಪ್ಲಾನ್ ಅದೇ ಬೆಲೆಗೆ ಸಿಗುತ್ತಿದ್ದರೆ ಅದನ್ನೇ ಆರಿಸಿಕೊಳ್ಳಿ.